ಸೇವಂತಿಗೆ ಯಾರಿಗೆ

ಅಕ್ಟೋಬರ್ ಹಾಫ್ ಟರ್ಮ್ ರಜೆಗೆ ನಾವು ಮೂವರೂ ಗೆಂಟ್‌ಗೆ ಹೋಗುವುದೆಂದು ಇತ್ತು. ಬೆಲ್ಜಿಯಮ್ಮಿನ ಆ ಊರನ್ನು ಆರಿಸಿದವನು ನನ್ನ ಗಂಡ ಚಿದಾನಂದ. ಕಾಲುವೆಗಳಿವೆ, ಕೋಟೆಯಿದೆ, ಚಾಕೊಲೇಟ್ ಇದೆ, ಜನಜಂಗುಳಿ ಇಲ್ಲ ಎಂದು. ಹೊರಡುವ ವಾರ ಅವನ ಆಸ್ಪತ್ರೆಯ ಇನ್ನೊಬ್ಬ ಡಾಕ್ಟರು ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು. ಡ್ಯೂಟಿಯ ಪಟ್ಟಿ ಬದಲಾಯಿತು, ಚಿದುವಿನ ರಜೆ ರದ್ದಾಯಿತು.

“ನೀವಿಬ್ರೇ ಹೋಗ್ಬನ್ನಿ,” ಎಂದ. “ಬರ್ಮಿಂಗ್‌ಹ್ಯಾಮ್‌ನಿಂದ ಒಂದೇ ವಿಮಾನ, ಆಮೇಲೆ ಒಂದು ಚಿಕ್ಕ ರೈಲು. ನಮ್ಮ ಸೆಲ್ಲಿ ಓಕ್ ಮನೆಯಿಂದ ಲೆಸ್ಟರ್‌ಗೆ ಹೋಗೋದಕ್ಕಿಂತ ಸುಲಭ ಕಣೇ.”

“ಗೊತ್ತಿಲ್ಲದ ಊರು. ಅವಳು ಎಲ್ಲಾದ್ರೂ ಕಳೆದುಹೋದ್ರೆ?”

“ನಿನ್ನ ಕೈಯಿಂದ? ಟೆಸ್ಕೋ ಅಂಗಡಿ ಒಳಗೂ ಅವಳ ಜಾಕೆಟ್ಟಿನ ಟೋಪಿ ಹಿಡ್ಕೊಂಡೇ ನಡೀತೀಯ. ಕಳೆದುಹೋಗ್ಬೇಕು ಅಂತ ಅವಳೇ ಪ್ರಯತ್ನಪಟ್ರೂ ಆಗಲ್ಲ, ಯಾಮಿನಿ.”

ಮಾಳವಿಕಾ ಸೋಫಾದ ಹಿಂದಿನಿಂದ ತಲೆ ಎತ್ತಿ, “ಪ್ಲೀಸ್ ಅಮ್ಮ. ನಮ್ಮ ಕ್ಲಾಸಲ್ಲಿ ಎಲ್ಲರೂ ಟೆನೆರಿಫ್‌ಗೆ ಹೋಗ್ತಾರೆ. ವೀ ಓನ್ಲಿ ಗೋ ಟು ಲೆಸ್ಟರ್,” ಎಂದಳು.

ಅವಳಿಗೆ ಏಳು ವರ್ಷ. ಅವಳಿಗೆ ಮೊದಲು ನನಗೆ ಎರಡು ಬಸಿರು ನಿಂತಿರಲಿಲ್ಲ. ಅವಳು ಹುಟ್ಟಿದ ಮೇಲೆ ನಾನು ಅವಳನ್ನು ನೋಡುತ್ತಿರುವುದನ್ನು ನಿಲ್ಲಿಸಿಲ್ಲ ಎಂದು ಚಿದು ತಮಾಷೆ ಮಾಡುತ್ತಾನೆ. ತಮಾಷೆಯೇನಲ್ಲ. ಅವಳ ಮೇಲಿಂದ ಕಣ್ಣು ತೆಗೆದರೂ ಅವಳು ಇರುತ್ತಾಳೆ ಎಂಬ ನಂಬಿಕೆ ನನಗೆ ಎಂದೂ ಪೂರ್ತಿಯಾಗಿ ಬಂದಿಲ್ಲ.

ಶನಿವಾರ ಸಂಜೆ ಗೆಂಟ್ ತಲುಪಿದೆವು. ಭಾನುವಾರ ಬೆಳಿಗ್ಗೆ ಊರಿನ ನಡುವಿನ ಚೌಕದಲ್ಲಿ ಹೂವಿನ ಸಂತೆ ಎಂದು ಹೋಟೆಲಿನ ಹುಡುಗ ಹೇಳಿದ. ಹೋಗಿ ನೋಡಿದರೆ ಚೌಕದ ತುಂಬ ಸೇವಂತಿಗೆ. ಹಳದಿ, ಬಿಳಿ, ಕುಂಕುಮ ಬಣ್ಣ, ನೇರಳೆ. ಒಂದೊಂದು ಕುಂಡದಲ್ಲೂ ಎಲೆ ಕಾಣದಷ್ಟು ಒತ್ತಾಗಿ, ಬುಟ್ಟಿ ಕವುಚಿಟ್ಟ ಹಾಗೆ ದುಂಡಗೆ ಅರಳಿದ ಹೂವು. ಬೇರೆ ಹೂವೇ ಇರಲಿಲ್ಲ ಎನ್ನಬೇಕು. ಆ ಕಹಿ ಬೆರೆತ ಪರಿಮಳ ಮೂಗಿಗೆ ತಗುಲಿದ್ದೇ, ನಾನು ಹಬ್ಬದ ಹಿಂದಿನ ದಿನದ ಮೈಸೂರಿನ ಮಾರುಕಟ್ಟೆಯಲ್ಲಿ ನಿಂತಿದ್ದೆ. ಬರುವ ಭಾನುವಾರ ದೀಪಾವಳಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಲಕ್ಷ್ಮಿಗೆ ಪ್ರತಿ ವರ್ಷ ಸೂಪರ್‌ಮಾರ್ಕೆಟ್ಟಿನ ವಾಸನೆಯಿಲ್ಲದ ಹೂವೇ ಗತಿ.

“ಅಮ್ಮ, ನನ್ನ ಜಡೆಗೆ ಒಂದು,” ಎಂದಳು ಮಾಳವಿಕಾ. ನನ್ನ ಕೋಟಿನ ಹಿಂದೆ ಗಾಳಿಗೆ ಮರೆಯಾಗಿ ನಿಂತು ವಾಫಲ್ ತಿನ್ನುತ್ತಿದ್ದಳು.

ಹೂವಿನವಳು ಐವತ್ತು ದಾಟಿದ ಹೆಂಗಸು, ಹಸಿರು ಏಪ್ರನ್, ಬೆರಳು ಕತ್ತರಿಸಿದ ಉಣ್ಣೆಯ ಕೈಗವಸು. ನಾನು ಹಳದಿ ಕುಂಡವೊಂದನ್ನು ತೋರಿಸಿದೆ. “ಯಾರಿಗೆ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಆ ಪ್ರಶ್ನೆಯಲ್ಲಿ ನನಗೆ ವಿಚಿತ್ರವೇನೂ ಕಾಣಲಿಲ್ಲ. ನಮ್ಮಲ್ಲೂ ಕೇಳುತ್ತಾರಲ್ಲ, ದೇವರಿಗಾ, ಮುಡಿಯೋಕಾ ಎಂದು.

“ನನ್ನ ಮಗಳಿಗೆ.”

ಅವಳ ಕೈ ಒಂದು ಕ್ಷಣ ನಿಂತಿತು. “ಎಷ್ಟು ವಯಸ್ಸಿತ್ತು?”

ಇತ್ತು ಎಂದದ್ದನ್ನು ನಾನು ಗಮನಿಸಿದೆ. ಮಾತಿನ ತಪ್ಪು ನನ್ನ ಕಿವಿಗೆ ಬೇಗ ಬೀಳುತ್ತದೆ. ಪಾಪ, ಇಂಗ್ಲಿಷ್ ಇವಳಿಗೆ ಪರಭಾಷೆ ಎಂದುಕೊಂಡೆ. “ಏಳು,” ಎಂದೆ.

“ಎಷ್ಟು ಚಿಕ್ಕವಳು,” ಎಂದಳು. ಹಿಂದೆ ನಿಂತಿದ್ದವಳನ್ನು ಇಣುಕಿ ನೋಡಿರಬೇಕು, ಕ್ಲಾಸಿನಲ್ಲೇ ಗಿಡ್ಡಿ ನಮ್ಮ ಮಾಳವಿಕಾ. ಹೆಸರು ಕೇಳಿ, ಒಂದೊಂದೇ ಅಕ್ಷರ ಹೇಳಿಸಿಕೊಂಡು, ಬಿಳಿ ಕಾರ್ಡಿನ ಮೇಲೆ ಬರೆದಳು. ಅದನ್ನು ಕಡ್ಡಿಗೆ ಸಿಕ್ಕಿಸಿ ಕುಂಡದ ಮಣ್ಣಿನಲ್ಲಿ ನೆಟ್ಟಳು. ಕೆಂಪು ಗಾಜಿನೊಳಗಿನ ಪುಟ್ಟ ಮೇಣದ ದೀಪವೊಂದನ್ನೂ ಚೀಲಕ್ಕೆ ಹಾಕಿ, “ಇದು ನನ್ನ ಕಡೆಯಿಂದ,” ಎಂದಳು. ಆಮೇಲೆ ನನ್ನ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದು ಒತ್ತಿದಳು. ಎಂಥ ಒಳ್ಳೆಯ ಜನ, ದೀಪಾವಳಿಯೂ ಗೊತ್ತಿದೆ ಇವರಿಗೆ ಎಂದು ನನ್ನ ಕಣ್ಣು ತೇವವಾಯಿತು.

ಚೌಕದ ಬೆಂಚಿನ ಮೇಲೆ ಕೂರಿಸಿ, ಒಂದು ಹೂವು ಮುರಿದು ಮಾಳವಿಕಾಳ ಜಡೆಗೆ ಸಿಕ್ಕಿಸಿದೆ. ಕುಂಡ ಎತ್ತಿಕೊಂಡು ಹೋಟೆಲಿಗೆ ನಡೆದೆವು. ದಾರಿಯಲ್ಲಿ ಜನ ನೋಡಿದರು. ಮೊದಲು ಕುಂಡವನ್ನು, ಆಮೇಲೆ ಅವಳ ತಲೆಯನ್ನು. ಸೇತುವೆಯ ಮೇಲೆ ಮುದುಕರೊಬ್ಬರು ನಮಗೆ ದಾರಿ ಬಿಟ್ಟು, ತಲೆಯ ಮೇಲಿನ ಕ್ಯಾಪ್ ತೆಗೆದು ಎದೆಗೆ ಹಿಡಿದುಕೊಂಡು ನಿಂತರು.

ಹೋಟೆಲಿನ ಹುಡುಗನ ಹೆಸರು ಯೋರಿಸ್. ಹಿಂದಿನ ದಿನ ಮಾಳವಿಕಾಗೆ ಚಾಕೊಲೇಟ್ ಕೊಟ್ಟು ಸ್ನೇಹ ಮಾಡಿಕೊಂಡಿದ್ದ. ಕುಂಡ ನೋಡಿ, “ನಿಮ್ಮವರು ಯಾರಾದರೂ ಇಲ್ಲಿ ಇದ್ದಾರೆಯೇ? ಇಲ್ಲಿನ ಸ್ಮಶಾನದಲ್ಲಿ?” ಎಂದು ಕೇಳಿದ.

“ಸ್ಮಶಾನವೇ?”

“ಈ ಹೂವು ಸತ್ತವರಿಗೆ ಮಾತ್ರ, ಮೇಡಂ. ಶುಕ್ರವಾರ ನಮ್ಮ ಹಿರಿಯರ ಹಬ್ಬ. ಎಲ್ಲರೂ ಗೋರಿಗಳಿಗೆ ಇದನ್ನು ಒಯ್ಯುತ್ತಾರೆ. ಬದುಕಿದವರಿಗೆ ಯಾರೂ ಕೊಡುವುದಿಲ್ಲ.” ಹೇಳುತ್ತ ಬಗ್ಗಿ ಕಾರ್ಡು ಓದಿದ. ಅವನ ಮುಖದಿಂದ ನಗು ಹೋಯಿತು.

“ಅದರಲ್ಲಿ ನನ್ನ ಹೆಸರಿದೆ,” ಎಂದಳು ಮಾಳವಿಕಾ ಹೆಮ್ಮೆಯಿಂದ. “ಮೇಲೆ ಏನೋ ಬರೆದಿದೆ, ವಾಟ್ ಡಸ್ ಇಟ್ ಸೇ?”

“ರುಸ್ಟ್ ಝಾಹ್ತ್,” ಎಂದು ಓದಿದ ಯೋರಿಸ್. ನನ್ನ ಮುಖ ನೋಡಿದ. “ಮೆತ್ತಗೆ ವಿಶ್ರಮಿಸು ಅಂತ.”

“ಗುಡ್ ನೈಟ್ ಅನ್ನೋ ಥರಾನಾ?”

“ಹೌದು. ಗುಡ್ ನೈಟ್ ಅನ್ನುವ ಥರ.”

ಕೋಣೆಗೆ ಬಂದ ಕೂಡಲೇ ಅವಳ ಜಡೆಯಿಂದ ಹೂವು ಕಿತ್ತೆ. ಕುಂಡವನ್ನು ಕಿಟಕಿಯ ಹೊರಗಿನ ಕಟ್ಟೆಯ ಮೇಲಿಟ್ಟು ಕದ ಹಾಕಿದೆ. ಎಸೆಯಬಹುದಿತ್ತು. ಆದರೆ ಮಗಳ ಹೆಸರಿರುವುದನ್ನು ಕಸದ ಡಬ್ಬಿಗೆ ಹಾಕುವುದು ಹೇಗೆ? ಬಾತ್‌ರೂಮಿಗೆ ಹೋಗಿ ಚಿದುಗೆ ಫೋನು ಮಾಡಿದೆ.

“ಅಂದ್ರೆ ಆ ಹೂವಿನವಳು, ನಿನ್ನ ಮಗಳು ಸತ್ತಿದಾಳೆ ಅಂತ...” ಎಂದವನು ಅರ್ಧಕ್ಕೇ ಮಾತು ತಡೆದ. “ಅಯ್ಯಯ್ಯೋ, ಬಿಡ್ತು ಅನ್ನು, ಬಿಡ್ತು ಅನ್ನು!”

ಅವನು ಡಾಕ್ಟರು. ರಾಹುಕಾಲದಲ್ಲಿ ಮನೆ ಕೊಂಡವನು. ಅವನ ಬಾಯಿಂದಲೂ ಆ ಮಾತು ತಾನಾಗಿ ಬಂದಿತ್ತು. ಅಪಶಕುನದ ಮಾತು ಬಾಯಿಗೆ ಬಂದರೆ ಮನೆಯಲ್ಲಿ ಹಿರಿಯರು ಹಾಗೆ ಗದರುತ್ತಿದ್ದರು. ಬಿಡ್ತು ಎಂದರೆ ಆಡಿದ್ದು ಬಿಟ್ಟುಹೋಯಿತು, ಅಂಟಲಿಲ್ಲ ಎಂದು ಲೆಕ್ಕ.

“ಬಿಡ್ತು,” ಎಂದೆ.

“ಸರಿ, ಮುಗೀತಲ್ಲ.”

“ಆಡಿದವರು ಅನ್ನಬೇಕು ಚಿದು. ನಾನಲ್ಲ ಆಡಿದ್ದು, ಅವಳು. ಬರೆದೂ ಕೊಟ್ಟಿದಾಳೆ.”

“ಹಾಗಾದ್ರೆ ಆ ಬೆಲ್ಜಿಯಂ ಹೆಂಗಸಿನ ಕೈಲಿ ಬಿಡ್ತು ಅನ್ನಿಸಿಕೊಂಡು ಬಾ,” ಎಂದು ನಕ್ಕ. ಅತ್ತ ಆಸ್ಪತ್ರೆಯಿಂದ ಅವನ ಪೇಜರ್ ಕೂಗಿತು. ಫೋನು ಇಟ್ಟ.

ಸೋಮವಾರ ಕಾಲುವೆಯಲ್ಲಿ ದೋಣಿ ಹತ್ತಿದೆವು. ದೋಣಿಯವನು ನನಗೆ ಒಂದೇ ಟಿಕೆಟ್ ಕೊಟ್ಟ. “ಮಗುವಿಗೆ?” ಎಂದೆ. ಅವನು ನಕ್ಕು ತಲೆಯಾಡಿಸಿದ. ಮಕ್ಕಳಿಗೆ ಟಿಕೆಟ್ ಇಲ್ಲವೇನೋ ಎಂದುಕೊಂಡೆ. ಆಮೇಲೆ ದಪ್ಪನೆಯ ಮನುಷ್ಯನೊಬ್ಬ ಬಂದು ಸೀದಾ ಮಾಳವಿಕಾ ಕೂತಿದ್ದ ಜಾಗಕ್ಕೆ ಬೆನ್ನು ತಿರುಗಿಸಿದ. ನಾನು ಅವಳನ್ನು ಎಳೆದುಕೊಳ್ಳುವುದು ಅರೆಗಳಿಗೆ ತಡವಾಗಿದ್ದರೆ ಅವಳ ಮೇಲೆಯೇ ಕೂತುಬಿಡುತ್ತಿದ್ದ.

ಮಧ್ಯಾಹ್ನ ಕೆಫೆಯಲ್ಲಿ ಸೂಪು ಹೇಳಿದೆ, ಅವಳಿಗೆ ಚಿಪ್ಸ್. ಕೆಫೆಯ ಹುಡುಗಿ ಎರಡೂ ತಟ್ಟೆಯನ್ನು ನನ್ನ ಮುಂದೆಯೇ ಇಟ್ಟಳು. ಒಂದು ಚಮಚ, ಒಂದು ಲೋಟ.

“ನಾನು ಗಿಡ್ಡ ಅಲ್ವಾ, ಅದಕ್ಕೇ ಕಾಣಿಸಲ್ಲ,” ಎಂದು ಮಾಳವಿಕಾ ತಟ್ಟೆ ಎಳೆದುಕೊಂಡಳು. ಅವಳಿಗೆ ಖುಷಿ. ಕೋಟೆಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ ಎಲ್ಲರ ನಡುವೆ ನುಗ್ಗಿ ಮುಂದೆ ಹೋಗಿ ನಿಂತಳು. ಒಬ್ಬರೂ ಆಕ್ಷೇಪಿಸಲಿಲ್ಲ. “ಸೀ?” ಎಂದು ಕುಣಿದಳು. ನಾನು ಹೋಗಿ ಕೈ ಹಿಡಿದು ಹಿಂದಕ್ಕೆ ಕರೆತಂದೆ. ಸಾಲಿನವರು ನನ್ನನ್ನು ಮಾತ್ರ ಸಿಟ್ಟಿನಿಂದ ನೋಡಿದರು.

ಕೋಟೆಯ ಮೇಲೆ ಜಪಾನಿ ದಂಪತಿಗಳಿಗೆ ನಮ್ಮ ಫೋಟೋ ತೆಗೆಯಲು ಹೇಳಿದೆ. ಆಕೆ ಸಂತೋಷದಿಂದ ತೆಗೆದುಕೊಟ್ಟಳು. ನೋಡಿದರೆ ನಾನು ನಟ್ಟನಡುವೆ ಇದ್ದೆ. ಎಡಗಡೆಯ ಅಂಚಿನಲ್ಲಿ ನನ್ನ ಕೈ ಹಿಡಿದ ಒಂದು ಪುಟ್ಟ ಕೈ ಮಾತ್ರ, ಮಣಿಕಟ್ಟಿನವರೆಗೆ. ಇನ್ನೊಂದು ತೆಗೆಯಿರಿ ಎಂದೆ. ಅದೂ ಹಾಗೆಯೇ.

ಇದೆಲ್ಲಕ್ಕೂ ಕಾರಣ ಕೊಡಬಹುದು. ನಾನೂ ಕೊಟ್ಟುಕೊಂಡೆ. ರಜೆಯ ಗದ್ದಲ, ಸುಸ್ತಾದ ಪರಿಚಾರಿಕೆಯರು, ಚಿಕ್ಕ ಮಗು. ಆದರೆ ಯೋರಿಸ್? ಮಂಗಳವಾರ ಬೆಳಿಗ್ಗೆ ಅವನು, “ತಿಂಡಿಗೆ ಒಬ್ಬರೇ?” ಎಂದು ಕೇಳಿದ. ಮಾಳವಿಕಾ ಅವನ ಮೇಜಿನ ಮೇಲಿನ ಗಂಟೆಯನ್ನು ಬಾರಿಸುತ್ತಲೇ ಇದ್ದಳು. ಅವನು ಗಂಟೆಯನ್ನೊಮ್ಮೆ ನೋಡಿ, ಕೆಟ್ಟಿದೆಯೇನೋ ಎಂಬಂತೆ ಅದನ್ನೆತ್ತಿ ಡ್ರಾಯರಿನೊಳಗೆ ಇಟ್ಟ.

ಅವತ್ತು ಅವಳು ನಗಲಿಲ್ಲ. “ಅವನಿಗೆ ನನ್ನ ಮೇಲೆ ಕೋಪಾನಾ ಅಮ್ಮ?”

“ಇಲ್ಲ ಪುಟ್ಟಿ. ಕೆಲಸ ಜಾಸ್ತಿ ಅವನಿಗೆ.”

ಬುಧವಾರ ಟ್ರ್ಯಾಮ್ ಹತ್ತುವಾಗ ಅವಳ ಕೈ ನನ್ನ ಕೈಯಲ್ಲೇ ಇತ್ತು. ನಾನು ಒಳಗೆ ಕಾಲಿಟ್ಟೆ. ಬಾಗಿಲು ಮುಚ್ಚಿತು. ಬಾಗಿಲಿಗೆ ಕಣ್ಣಿರುತ್ತದೆ, ಯಾರಾದರೂ ಅಡ್ಡ ಇದ್ದರೆ ಮುಚ್ಚಿಕೊಳ್ಳುವುದಿಲ್ಲ ಎನ್ನುತ್ತಾರೆ. ನಮ್ಮಿಬ್ಬರ ಬೆರಳುಗಳ ನಡುವೆ ಮುಚ್ಚಿಕೊಂಡಿತು. ಗಾಜಿನಾಚೆ ಅವಳ ಬಾಯಿ ಅಮ್ಮ ಎನ್ನುವುದು ಕಂಡಿತು. ನಾನು ಬಾಗಿಲು ಬಡಿದೆ, ಡ್ರೈವರನಿಗೆ ಕೂಗಿದೆ, “ನನ್ನ ಮಗಳು, ನನ್ನ ಮಗಳು” ಎಂದೆ. ಅವನು ಕನ್ನಡಿಯಲ್ಲಿ ನೋಡಿ, ಖಾಲಿ ನಿಲ್ದಾಣ ಕಂಡವನ ಹಾಗೆ ಭುಜ ಕುಣಿಸಿ ಹೊರಟೇಬಿಟ್ಟ.

ಮುಂದಿನ ನಿಲ್ದಾಣದಲ್ಲಿ ಇಳಿದು ಹಳಿಯ ಗುಂಟ ಓಡಿದೆ. ಅಷ್ಟು ದೂರ ನಾನು ಯಾವತ್ತೂ ಓಡಿಲ್ಲ. ನಾನು ಬಿಟ್ಟ ಜಾಗದಲ್ಲೇ ಅವಳು ನಿಂತಿದ್ದಳು. ಅಳುತ್ತಿರಲಿಲ್ಲ, ಅದರಿಂದಲೇ ನನಗೆ ಇನ್ನೂ ಭಯವಾಯಿತು.

“ನಾನು ಎಲ್ಲರಿಗೂ ಹೇಳ್ದೆ, ಮೈ ಮಮ್ ಈಸ್ ಆನ್ ದಟ್ ಟ್ರ್ಯಾಮ್ ಅಂತ. ಯಾರೂ ಕೇಳಿಸ್ಕೊಳ್ಳಲಿಲ್ಲ. ಒಬ್ಬರು ಆಂಟಿ ನನ್ನ ಥ್ರೂ ಹೋದ್ರು.”

“ಪಕ್ಕದಲ್ಲಿ ಹೋದ್ರಾ?”

“ನೋ. ಥ್ರೂ,” ಎಂದು ತನ್ನ ಹೊಟ್ಟೆ ಮುಟ್ಟಿ ತೋರಿಸಿದಳು. “ತಣ್ಣಗಿತ್ತು.”

ಅವತ್ತಿನಿಂದ ಅವಳು ಮಾತು ಕಡಿಮೆ ಮಾಡಿದಳು. ಕೇಳಿದರೆ ಮಾತ್ರ ಉತ್ತರ. ಒಂದೆರಡು ಸಲ ನಾನೇ ಕೋಣೆಯಲ್ಲಿ ಅವಳನ್ನು ಹುಡುಕಿದೆ. ಕುರ್ಚಿಯ ಮೇಲೆ, ನನ್ನ ಕಣ್ಣೆದುರಿಗೇ ಕೂತಿದ್ದಳು.

ಗುರುವಾರ ಮಧ್ಯಾಹ್ನ ಚಿದು ಸ್ಕೈಪಿಗೆ ಬಂದ. ಮಾಳವಿಕಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪರದೆಯ ಮೂಲೆಯ ಚೌಕದಲ್ಲಿ ನಮ್ಮಿಬ್ಬರ ಮುಖವೂ ಬರುವ ಹಾಗೆ ಹಿಡಿದೆ. ಅವಳು, “ಹಾಯ್ ಅಪ್ಪ!” ಎಂದಳು.

“ಏನೇ, ಮುಖ ಹೀಗಿದೆ? ಸರಿಯಾಗಿ ಊಟ ಮಾಡ್ತಿದೀಯಾ ಇಲ್ವಾ?” ಎಂದ ಚಿದು. “ಎಲ್ಲಿ ನಮ್ಮ ಗಿಡ್ಡಿ? ಕರಿ ಅವಳನ್ನ.”

“ನೋಡು ಚಿದು. ಸರಿಯಾಗಿ ನೋಡು.”

“ಏನು ನೋಡೋದು? ಬರೀ ನೀನೇ ಇದೀಯ. ಹಗಲಲ್ಲೇ ಮಲಗಿಬಿಟ್ಲಾ?”

ಮಾಳವಿಕಾ ಪರದೆಗೆ ಮುಖವಿಟ್ಟು ಕೈ ಬೀಸುತ್ತಿದ್ದಳು. ಅವಳ ಉಸಿರಿಗೆ ಗಾಜು ಮಂಜಾಯಿತು. “ಸಿಗ್ನಲ್ ಸರಿಯಿಲ್ಲ,” ಎಂದ ಚಿದು. “ಚಿತ್ರ ಮಸುಕಾಗ್ತಿದೆ.” ಅವಳು ಮೆಲ್ಲನೆ ಕೈ ಇಳಿಸಿದಳು.

ಅಪ್ಪನ ಕಣ್ಣಿಗೇ ಕಾಣದವಳು ಇನ್ನು ನನ್ನ ಕಣ್ಣಿಗೆ ಎಷ್ಟು ದಿನ ಕಾಣುತ್ತಾಳೆ? ಅದೊಂದೇ ಯೋಚನೆ ಉಳಿಯಿತು. ಕೆಳಗಿಳಿದು ಯೋರಿಸನನ್ನು, ಭಾನುವಾರದ ಹೂವಿನವರು ನಾಳೆ ಎಲ್ಲಿರುತ್ತಾರೆ ಎಂದು ಕೇಳಿದೆ. ಹಬ್ಬದ ದಿನ ಎಲ್ಲರೂ ಊರ ಪಶ್ಚಿಮದ ದೊಡ್ಡ ಸ್ಮಶಾನದ ಬಾಗಿಲಿನಲ್ಲೇ ಇರುತ್ತಾರೆ ಎಂದ.

ಶುಕ್ರವಾರ ಬೆಳಿಗ್ಗೆ ಕುಂಡವನ್ನು ಒಂದು ಕಂಕುಳಲ್ಲಿ, ಮಾಳವಿಕಾಳ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನಡೆದೇ ಹೋದೆ. ಟ್ರ್ಯಾಮ್ ಹತ್ತುವ ಧೈರ್ಯವಿರಲಿಲ್ಲ. ಸ್ಮಶಾನದ ಮುಂದೆ ಜಾತ್ರೆಯಷ್ಟು ಜನ, ಆದರೆ ಸದ್ದಿಲ್ಲ. ಎಲ್ಲರ ಕೈಯಲ್ಲೂ ಕುಂಡ. ಒಳಗೆ ಕಣ್ಣು ಹಾಯುವವರೆಗೂ ಸೇವಂತಿಗೆ, ಅದರ ನಡುವೆ ಕಲ್ಲುಗಳು. ನನ್ನ ಹಬ್ಬದ ಪರಿಮಳವೇ ಅಲ್ಲಿ ನೆಲದಿಂದ ಏಳುತ್ತಿತ್ತು. ಬಾಯಿಂದ ಉಸಿರಾಡುತ್ತ ನಡೆದೆ.

ಹಸಿರು ಏಪ್ರನ್ ಗುರುತು ಸಿಕ್ಕಿತು. ಅವಳಿಗೂ ನನ್ನ ಗುರುತು ಸಿಕ್ಕಿತು.

“ಮಗಳ ಜಾಗ ಸಿಗಲಿಲ್ಲವೇ, ಮೇಡಂ?”

“ನನ್ನ ಮಗಳು ಸತ್ತಿಲ್ಲ. ಇಲ್ಲಿದ್ದಾಳೆ, ನೋಡಿ.” ಹಿಡಿದ ಕೈಯನ್ನು ಮೇಲೆತ್ತಿದೆ.

ಅವಳು ನನ್ನ ಕೈ ನೋಡಿದಳು. ಕೈಯ ಕೆಳಗೆ ನೋಡಿದಳು. ಅವಳ ಮುಖದಲ್ಲಿ ಬಂದದ್ದು ಕರುಣೆ. “ಹೌದು ಮೇಡಂ,” ಎಂದಳು ಮೆಲ್ಲಗೆ. “ಇವತ್ತಿನ ದಿನ ಅವರೆಲ್ಲ ಹತ್ತಿರವೇ ಇರುತ್ತಾರೆ.”

ವಿವರಿಸಲು ಹೋದೆ, ಮಾತು ಗೋಜಲಾಯಿತು. ಕೊನೆಗೆ, “ನನಗೋಸ್ಕರ ಒಂದು ಮಾತು ಹೇಳಿ. ನಮ್ಮ ಭಾಷೆಯದು. ಬಿಡ್ತು ಅನ್ನಿ,” ಎಂದೆ.

“ಅದರ ಅರ್ಥ?”

“ಬಿಟ್ಟು ಹೋಯಿತು ಅಂತ.”

“ಒಳ್ಳೆಯ ಮಾತು. ಇಲ್ಲಿಗೆ ಬರುವ ಎಲ್ಲರಿಗೂ ನಾನು ಅದನ್ನೇ ಹೇಳುತ್ತೇನೆ, ಬಿಟ್ಟುಬಿಡಿ ಎಂದು,” ಎಂದು ನನ್ನ ಭುಜ ಮುಟ್ಟಿ, ಭಕ್ತಿಯಿಂದಲೇ ಹೇಳಿದಳು: “ಬಿತ್ತು.”

ಬಿತ್ತು. ಬಿಟ್ಟುಹೋಗುವ ಬದಲು ಬೀಳುವ ಮಾತು. “ಅಲ್ಲ, ಅದಲ್ಲ! ಬಿಡ್ತು.”

“ಬಿತ್ತು,” ಎಂದಳು ಮತ್ತೆ.

“ಬಿತ್ತು ಅಲ್ಲ, ಸಿಲ್ಲಿ,” ಎಂದಳು ಮಾಳವಿಕಾ ಪಕ್ಕದಿಂದ. ಎರಡು ದಿನದಲ್ಲಿ ಅವಳಾಗಿ ಆಡಿದ ಮೊದಲ ಮಾತು. “ಅಮ್ಮ, ಬಿಡ್ ಅಂತ ಮೊದಲು ಹೇಳ್ಸು. ಆಮೇಲೆ ತು. ಫೋನಿಕ್ಸ್ ಥರ.”

“ಬಿಡ್ ಅನ್ನಿ,” ಎಂದೆ. “ನಿಲ್ಲಿಸಿ. ಈಗ ತು ಅನ್ನಿ.”

“ಬಿಡ್,” ಎಂದಳು ಹೂವಿನವಳು. “ತು. ಬಿಡ್ತು.”

ಹೇಳಿ ಮುಗಿಸಿದವಳ ಕಣ್ಣು ನನ್ನ ಮುಖದಿಂದ ಇಳಿಯಿತು. ಇಳಿದು, ಮಾಳವಿಕಾಳ ಎತ್ತರಕ್ಕೆ ಬಂದು ನಿಂತಿತು. ಅವಳ ಬಾಯಿ ತೆರೆಯಿತು. ಮಾಳವಿಕಾ, “ಹಲೋ,” ಎಂದಳು.

ಹೆಂಗಸು ತನ್ನ ಭಾಷೆಯಲ್ಲಿ ಏನೋ ಗೊಣಗುತ್ತ ನನ್ನ ಕಂಕುಳಿಂದ ಕುಂಡವನ್ನು ಸೆಳೆದುಕೊಂಡಳು. ಕಾರ್ಡನ್ನು ಕಿತ್ತು ಚೂರುಚೂರು ಮಾಡಿ ತನ್ನ ಜೇಬಿಗೇ ಹಾಕಿಕೊಂಡಳು. ಹಣೆಯ ಮೇಲೆ ಬೆವರು. ಪಕ್ಕದಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬರು ಮಾಳವಿಕಾಳ ಕೆನ್ನೆ ಸವರಿ ಹೋದರು. ಸವರಿಸಿಕೊಂಡವಳು ಹೊಸದಾಗಿ ನೋಡುವವಳಂತೆ ತನ್ನ ಕೆನ್ನೆ ಮುಟ್ಟಿಕೊಂಡಳು. ನನಗೆ ಅಲ್ಲೇ ಕೂತು ಅಳುವ ಹಾಗಾಯಿತು.

“ಇನ್ನೂ ಮುಗಿದಿಲ್ಲ, ಮೇಡಂ,” ಎಂದಳು ಹೂವಿನವಳು. “ನಮ್ಮ ಅಜ್ಜಿ ಹೇಳುತ್ತಿದ್ದಳು. ಈ ಹೂವು ಒಮ್ಮೆ ಒಂದು ಹೆಸರು ಕೇಳಿದರೆ, ಇನ್ನೊಂದು ಹೆಸರು ಕೇಳುವವರೆಗೆ ಮೊದಲನೆಯದನ್ನು ಬಿಡುವುದಿಲ್ಲ. ಬರಿದೇ ಹೋಗುವುದಿಲ್ಲ ಇದು.” ಹೊಸ ಕಾರ್ಡು ತೆಗೆದಳು. ಪೆನ್ನಿನ ಮುಚ್ಚಳ ತೆರೆದಳು. ಮೊದಲ ದಿನದ ಹಾಗೆಯೇ ಕೇಳಿದಳು. “ಯಾರಿಗೆ?”

ಸತ್ತವರು ಯಾರಿಲ್ಲ ನಮ್ಮಲ್ಲಿ? ಅಜ್ಜಿ, ಅಜ್ಜ, ಚಿದುವಿನ ತಂದೆ. ಯಾರ ಹೆಸರನ್ನಾದರೂ ಹೇಳಬಹುದಿತ್ತು ಎಂದು ಈಗ ಹೊಳೆಯುತ್ತದೆ. ಆಗ ಹೊಳೆಯಲಿಲ್ಲ. ನಮ್ಮಮ್ಮ ನನಗೆ ದೃಷ್ಟಿಯಾದಾಗ ಮುಖದ ಸುತ್ತ ಕೈ ಬಳಸಿ, ತನ್ನ ಕಣತಲೆಗೆ ಬೆರಳೊತ್ತಿ ನೆಟಿಗೆ ಮುರಿಯುತ್ತಿದ್ದಳು. ಮಗುವಿನ ಮೇಲಿದ್ದದ್ದನ್ನು ಎಳೆದುಕೊಳ್ಳುವುದು ಹಾಗೆ. ಎಳೆದುಕೊಂಡದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಯಾವ ತಾಯಿಯೂ ಕೇಳುವುದಿಲ್ಲ.

“ನನಗೆ,” ಎಂದೆ. “ಯಾಮಿನಿ.”

ಅವಳು ತಡೆದು ನನ್ನನ್ನು ನೋಡಿದಳು. “ಕೆಲವು ಮುದುಕಿಯರು ಮುಂಗಡವಾಗಿ ಕೊಳ್ಳುತ್ತಾರೆ,” ಎಂದು ನಗಲು ನೋಡಿದಳು. ನಾನು ಅಕ್ಷರ ಹೇಳಿದೆ. ಬರೆದಳು. ಕುಂಡವನ್ನು ಒಳಗೆ ಒಯ್ದು, ಹೂವಿಲ್ಲದ ಒಂದು ಹಳೆಯ ಕಲ್ಲಿನ ಮುಂದೆ ಇಟ್ಟು ಬಂದೆವು. ಹಿಂತಿರುಗುವಾಗ ಕುಂಟುತ್ತ ಕುಪ್ಪಳಿಸುತ್ತ ಮಾಳವಿಕಾ ಸ್ಕೂಲಿನ ಹಾಡು ಹೇಳಿಕೊಂಡಳು. ದಾರಿಯಲ್ಲಿ ಹೋಗುವವರೆಲ್ಲ ಅವಳನ್ನು ನೋಡಿ ನಕ್ಕರು.

ಹೋಟೆಲಿನಲ್ಲಿ ಯೋರಿಸ್ ಎದ್ದೇ ನಿಂತ. “ಮಾಳವಿಕಾ! ಎಲ್ಲಿದ್ದೆ ಇಷ್ಟು ದಿನ?” ಚಾಕೊಲೇಟಿನ ಬುಟ್ಟಿಯನ್ನೇ ಅವಳ ಮುಂದಿಟ್ಟ. ನಾನು ಬ್ಯಾಗುಗಳನ್ನು ಕೆಳಗೆ ತಂದು, ಕೀಲಿಯನ್ನು ಮೇಜಿನ ಮೇಲಿಟ್ಟು ಥ್ಯಾಂಕ್ಸ್ ಎಂದೆ. ಅವನು ಅವಳನ್ನೇ ನೋಡುತ್ತ, “ಅಮ್ಮನಿಗೆ ಹೇಳು, ಹೋಗುವ ಮುಂಚೆ ಕೀಲಿ ಕೊಡಬೇಕು ಅಂತ,” ಎಂದ.

ಮಾಳವಿಕಾ ಬಾಯಿಗೆ ಹೋಗುತ್ತಿದ್ದ ಚಾಕೊಲೇಟನ್ನು ಅರ್ಧಕ್ಕೇ ನಿಲ್ಲಿಸಿದಳು. ನನ್ನನ್ನು ನೋಡಿದಳು.

ಅವತ್ತೇ ಸಂಜೆ ವಿಮಾನ ಹತ್ತುವಾಗ ಬೋರ್ಡಿಂಗ್ ಪಾಸಿನ ಕಾಗದವನ್ನು ಯಂತ್ರಕ್ಕೆ ತೋರಿಸಿದರೆ ಸಾಕಿತ್ತು. ಒಳಗೆ ಗಗನಸಖಿ ಮಾಳವಿಕಾಗೆ ಬಣ್ಣದ ಕಡ್ಡಿಗಳನ್ನು ಕೊಟ್ಟು, ಎಂಥ ಧೈರ್ಯವಂತ ಹುಡುಗಿ, ಒಬ್ಬಳೇ ಹೊರಟಿದ್ದೀಯ ಎಂದಳು. ಮಾಳವಿಕಾ ಬಣ್ಣ ಮುಟ್ಟಲಿಲ್ಲ. ದಾರಿಯುದ್ದಕ್ಕೂ ನನ್ನ ತೋಳನ್ನು ಎರಡೂ ಕೈಯಲ್ಲಿ ತಬ್ಬಿ ಕೂತಿದ್ದಳು.

ಬರ್ಮಿಂಗ್‌ಹ್ಯಾಮ್‌ನಲ್ಲಿ ಪಾಸ್‌ಪೋರ್ಟ್ ನೋಡುವ ಹೆಂಗಸು ಕಿಟಕಿಯಿಂದ ಬಗ್ಗಿದಳು. “ಯಾರ ಜೊತೆ ಬಂದೆ, ಬ್ಯಾಬ್?” ಎಂದಳು ಆ ಊರಿನವರ ಮುದ್ದಿನ ಮಾತಿನಲ್ಲಿ.

“ವಿತ್ ಮೈ ಮಮ್.”

“ಮಮ್ ಎಲ್ಲಿ?”

“ಇಲ್ಲೇ. ಶೀ ಈಸ್ ರೈಟ್ ಹಿಯರ್.”

ಆಕೆ ಸಾಲಿನ ಮೇಲೆಲ್ಲ ಕಣ್ಣಾಡಿಸಿದಳು. ನಾನು ನನ್ನ ಪಾಸ್‌ಪೋರ್ಟನ್ನು ಅವಳ ಮುಂದೆ ತಳ್ಳಿ, “ನಾನೇ ಅವಳ ತಾಯಿ,” ಎಂದೆ ಗಟ್ಟಿಯಾಗಿ. ಆಕೆ ಪಾಸ್‌ಪೋರ್ಟ್ ಎತ್ತಿಕೊಂಡು, ನನ್ನ ಫೋಟೋ ನೋಡಿ, ಯಾರೋ ಬಿಟ್ಟುಹೋಗಿದ್ದಾರೆ ಎಂಬಂತೆ ಪಕ್ಕಕ್ಕಿಟ್ಟಳು. “ಟಾಯ್ಲೆಟ್ಟಿಗೆ ಹೋಗಿರಬೇಕು, ಲವ್. ಹೊರಗೆ ಯಾರಾದರೂ ಕಾಯುತ್ತಿದ್ದಾರಾ?” ಎಂದಳು. ಅಪ್ಪ ಎಂದಳು ಮಾಳವಿಕಾ. ಇನ್ನೊಬ್ಬ ಅಧಿಕಾರಿ ಬಂದು ಅವಳ ಕೈ ಹಿಡಿದು ಕರೆದೊಯ್ದ. ಯಾರೂ ನನ್ನನ್ನು ತಡೆಯಲಿಲ್ಲ. ಹಿಂದೆಯೇ ನಡೆದೆ.

ಚಿದು ಕಟಕಟೆಯ ಆಚೆ ನಿಂತಿದ್ದ. ಡ್ಯೂಟಿಯಿಂದ ನೇರ ಬಂದಿದ್ದ, ಕೊರಳಲ್ಲಿ ಆಸ್ಪತ್ರೆಯ ಗುರುತಿನ ಕಾರ್ಡು ಇನ್ನೂ ತೂಗುತ್ತಿತ್ತು. ಅಧಿಕಾರಿಗೆ ಕಾರ್ಡು ತೋರಿಸಿ ಮಾತಾಡಿ, ಅವಳನ್ನು ಎತ್ತಿಕೊಂಡು ಗಿರಗಿರ ತಿರುಗಿಸಿ ಇಳಿಸಿದ.

“ಎಲ್ಲಿ ನಿಮ್ಮಮ್ಮ?”

ಮಾಳವಿಕಾ ಬೆರಳು ತೋರಿಸಿದಳು. ಅವನು ನನ್ನ ಕಡೆ ನೋಡಿದ. ನನ್ನನ್ನು ದಾಟಿ ಬಾಗಿಲಿನವರೆಗೆ ನೋಡಿದ. ಅವನ ಮುಖದಲ್ಲಿ ಆತಂಕವಿರಲಿಲ್ಲ, ದಿನವೂ ನನ್ನನ್ನು ರೇಗಿಸುವಾಗಿನ ನಗು ಇತ್ತು.

“ಬ್ಯಾಗಿನ ಜಿಪ್ಪು ಚೆಕ್ ಮಾಡ್ತಾ ನಿಂತಿರ್ತಾಳೆ. ಬರ್ತಾಳೆ, ಕಾಯೋಣ.”

ಮಾಳವಿಕಾ ಹಿಂದಕ್ಕೆ ಸರಿದು ನನ್ನ ಬೆರಳು ಹಿಡಿದಳು. “ಅಮ್ಮ,” ಎಂದು ಪಿಸುಗುಟ್ಟಿದಳು. “ಆ ಆಂಟಿಗೆ ಹೇಳಿದ್ದು ನೀನೇ ಅಲ್ವಾ, ನನಗೆ ಅಂತ? ಹಾಗಿದ್ರೆ ನೀನು ಅಂದ್ರೆ ಸಾಕು. ಬಿಡ್ತು ಅನ್ನು.”

ಅವಳು ಜಾಣೆ. ಅದು ನನಗೂ ವಿಮಾನದಲ್ಲೇ ಹೊಳೆದಿತ್ತು. ಆಡಿದವಳು ನಾನು, ಬಿಡಿಸಿಕೊಳ್ಳಬಲ್ಲವಳೂ ನಾನೇ. ನಾಲಿಗೆಯ ತುದಿಯಲ್ಲಿ ಆ ಮಾತು ಇತ್ತು. ಬರಿದೇ ಹೋಗದ ಆ ಹೂವು ನನ್ನ ಹೆಸರನ್ನು ಬಿಟ್ಟ ಮೇಲೆ ಯಾವ ಹೆಸರನ್ನು ಹುಡುಕುತ್ತದೆ?

“ಪ್ಲೀಸ್ ಅಮ್ಮ. ಜಸ್ಟ್ ಸೇ ಇಟ್.”

“ಯಾರ ಜೊತೆ ಮಾತಾಡ್ತಿದೀಯೇ ಗಿಡ್ಡಿ?” ಎಂದ ಚಿದು.

ಸಾಮಾನಿನ ಗಾಡಿ ತಳ್ಳಿಕೊಂಡು ಹೆಂಗಸೊಬ್ಬಳು ವೇಗವಾಗಿ ಬಂದಳು. ಮಾಳವಿಕಾಳನ್ನು ಕಂಡು ತಟ್ಟನೆ ನಿಲ್ಲಿಸಿ, “ಸಾರಿ ಲವ್,” ಎಂದು ಗಾಡಿಯನ್ನು ಅವಳಿಂದ ದೂರಕ್ಕೆ ತಿರುಗಿಸಿದಳು. ಗಾಡಿಯ ಚಕ್ರ ನನ್ನ ಕಡೆಗೇ ಬಂತು. ನನಗೇನೂ ತಗುಲಲಿಲ್ಲ, ಕಾಲಿನ ಸುತ್ತ ಸ್ವಲ್ಪ ತಣ್ಣಗಾಯಿತು ಅಷ್ಟೆ. ಅವಳ ಹಿಂದೆ ಬಂದ ಗಂಡಸು, ಅವನ ಹಿಂದೆ ಬಂದ ಹುಡುಗಿಯರ ಗುಂಪು, ಎಲ್ಲರೂ ಮಾಳವಿಕಾಳನ್ನು ನೋಡಿ, ಅವಳಿಗೆ ಜಾಗ ಕೊಟ್ಟು, ಬಳಸಿಕೊಂಡು ಹೋಗುತ್ತಿದ್ದರು. ನಾನು ತುಟಿ ಬಿಗಿಹಿಡಿದು ಅದನ್ನೇ ನೋಡುತ್ತ ನಿಂತೆ.